ಕರ್ನೂಲಿನಲ್ಲಿ ಒಂದು ರಾತ್ರಿ, ರಾಮೇಶ್ವರನ ದಯೆ

ಸಂಕ್ರಾಂತಿ ಕಳೆದ ಮೊದಲ ಶನಿವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನನ್ನ ಮಗಳು ಹೊಳೆಯಲ್ಲಿ ಮುಳುಗಿದಳು ಎಂದು ನನಗೆ ಫೋನ್ ಬಂತು. ಅಲ್ಲಿಂದ ಎರಡು ಗಂಟೆ ನಾನು ನಮ್ಮ ಬೆಟ್ಟದ ದೇವರು ಜಟಿಂಗ ರಾಮೇಶ್ವರನನ್ನು ಬೈದ ಬೈಗುಳ ಕಾಗದದ ಮೇಲೆ ಬರೆಯುವಂಥದ್ದಲ್ಲ. ನಮ್ಮ ಸೋಮವಾರದ ಭಜನೆಯವರು, "ರತ್ನಮ್ಮ, ಅನುಭವ ಬರ್ದುಕೊಡು, ಬೈದಿದ್ದು ಮಾತ್ರ ಬ್ಯಾಡ" ಎಂದರು. ಅದನ್ನು ಬಿಟ್ಟರೆ ಉಳಿಯುವುದು ಯಾರದೋ ಅನುಭವ, ನನ್ನದಲ್ಲ. ಆದ್ದರಿಂದ ಭಕ್ತ ಬಂಧುಗಳೇ, ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಓದಿ ನನ್ನ ಮೇಲೆ ಸಿಟ್ಟು ಬಂದರೆ ಬರಲಿ.

ನಾನು ಚಳ್ಳಕೆರೆಯ ಮನೆಮಗಳು, ಮೊಳಕಾಲ್ಮೂರಿನ ನೇಕಾರರ ಮನೆಯ ಸೊಸೆ. ಇಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಇಪ್ಪತ್ತೆರಡು ವರ್ಷವಾದರೂ ನನ್ನ ತೆಲುಗು ಅರ್ಧಂಬರ್ಧ. ನನಗೆ ಒಬ್ಬಳೇ ಮಗಳು. ಶಾಲೆಯ ಹೆಸರು ಮಂಜುಳ, ನಾನು ಕರೆಯುವುದು ಪುಟ್ಟಿ. ಚಳ್ಳಕೆರೆಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಾಳೆ.

ಆ ಕಾಲೇಜಿನಲ್ಲಿ ಆಟದ ಮೇಡಂ ಒಬ್ಬರಿದ್ದಾರೆ. ಅವರು ಆರು ಜನ ಹುಡುಗಿಯರನ್ನು ಕೃಷ್ಣಾ ನದಿಗೆ, ಆಂಧ್ರದ ನಲ್ಲಮಲ ಕಾಡಿನೊಳಗೆ, ಎರಡು ದಿನ ಹರಿಗೋಲಿನಲ್ಲಿ ಕರೆದುಕೊಂಡು ಹೋಗುವುದೆಂದು ಗೊತ್ತುಮಾಡಿದರು. ಸುತ್ತ ಕಾಡು, ಊರಿಲ್ಲ, ಫೋನೂ ಸಿಗುವುದಿಲ್ಲ. ತಂದೆತಾಯಿಯರನ್ನು ಕರೆಸಿ ಅವರ ಯೋಜನೆ ಹೇಳಿದರು. ಮುಂಜಾನೆ ಚಳ್ಳಕೆರೆ ಬಿಡುವುದು, ಕರ್ನೂಲಿನಲ್ಲಿ ಊಟ, ಅದೇ ಸಂಜೆ ಹೊಳೆಯ ದಂಡೆ, ಮರುದಿನ ನೀರಿಗೆ.

ನಾನು ಎದ್ದು ನಿಂತೆ. ನಾವು ರೇಷ್ಮೆ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಮುಂಚೆ ಬೀದಿಯುದ್ದ ಎಳೆದು ಕಟ್ಟಿ, ಎಳೆ ಎಳೆಯಾಗಿ ನೋಡುತ್ತೇವೆ. ಕಡಿದಿದ್ದರೆ ಅಲ್ಲೇ ಗಂಟು ಹಾಕುತ್ತೇವೆ. ಮಗ್ಗಕ್ಕೆ ಏರಿದ ಮೇಲೆ ನೋಡುತ್ತೇನೆ ಎನ್ನುವವನು ನೇಕಾರನೇ ಅಲ್ಲ.

"ಮೇಡಂ, ಕರ್ನೂಲಾಗೆ ಒಂದು ರಾತ್ರಿ ಇರ್ರಿ. ಕಾಡಿಗೆ ಹೋಗಾಕೆ ಮುಂಚೆ ಅದೇ ಕೊನೇ ದೊಡ್ಡೂರು. ಹರಿಗೋಲಿನೋನಿಗೆ ಅಲ್ಲಿಂದ ಫೋನ್ ಮಾಡಿ, ತೇಲೋ ಜಾಕೆಟ್ ಅವನತ್ರ ಐತಾ ಕೇಳ್ರಿ. ಇಲ್ಲಾಂದ್ರೆ ಅಲ್ಲೇ ಕೊಂಡ್ಕೊಳ್ರಿ."

"ಕರ್ನೂಲಲ್ಲಿ ನೋಡೋಕೆ ಏನಿದೆಯಮ್ಮಾ?"

"ನೋಡಾಕಲ್ಲ ಮೇಡಂ. ಏನೇನು ಇಲ್ಲ ಅಂತ ತಿಳ್ಕಳಾಕೆ."

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, "ಇಷ್ಟು ಭಯ ಇದ್ರೆ ಮಗಳನ್ನ ಮನೇಲಿ ಇಟ್ಕೊಳ್ಳಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಭಯವಿದ್ದಿದ್ದರೆ ಕಳಿಸುತ್ತಲೇ ಇರಲಿಲ್ಲ. ಒಪ್ಪಿಗೆಯ ಕಾಗದದ ಮೇಲೆ ಕರ್ನೂಲಿನ ರಾತ್ರಿಯನ್ನು ಬರೆಯುವ ತನಕ ರುಜು ಹಾಕುವುದಿಲ್ಲ ಎಂದು ಅಲ್ಲೇ ಕೂತೆ. ಬೇರೆ ಅಪ್ಪ ಅಮ್ಮಂದಿರು ಗಡಿಯಾರ ನೋಡಿದರು, ಗೊಣಗಿದರು. ನಾನು ಏಳಲಿಲ್ಲ. ಕೊನೆಗೆ ಮೇಡಂ ಪೆನ್ನು ಕುಕ್ಕಿ ಬರೆದರು. ಹರಿಗೋಲಿನವನಿಗೆ ಕೊಡಲು ನನ್ನ ನಂಬರನ್ನೂ ಬರೆಸಿದೆ. ಹೊರಗೆ ಬಂದ ಮೇಲೆ ಪುಟ್ಟಿ ಬಿರಬಿರನೆ ಮುಂದೆ ನಡೆದಳು. "ನನ್ನ ಮಾನ ಕಳೆದೆಯವ್ವ" ಎಂದಳು, ಅಷ್ಟೇ.

ಶುಕ್ರವಾರ ಸಂಜೆ ಕರ್ನೂಲಿನ ಛತ್ರದಿಂದ ಫೋನ್ ಮಾಡಿದಳು. ಹರಿಗೋಲಿನವನ ಹತ್ತಿರ ಒಂದೂ ಜಾಕೆಟ್ ಇರಲಿಲ್ಲವಂತೆ. ಊರೆಲ್ಲ ಸುತ್ತಿ, ಬಲೆ ಹಗ್ಗ ಮಾರುವ ಅಂಗಡಿಯಲ್ಲಿ ಆರು ಸಿಕ್ಕವಂತೆ. "ಹುಡುಗೀರಿಗೆ ಆಯ್ತು, ಮೇಡಂ ತಮಗೆ ಬ್ಯಾಡ ಅಂದ್ರು. ನಿಮ್ಮಮ್ಮನಿಗೆ ಸಮಾಧಾನ ಆಯ್ತಾ ಕೇಳು ಅಂದ್ರು" ಎಂದಳು. ಆಗಲಿಲ್ಲ ಎಂದು ಹೇಳು ಎಂದೆ.

ಮರುದಿನ ಆ ಫೋನ್ ಬಂತು. ಗಂಡಸಿನ ದನಿ, ತೆಲುಗು, ಹಿಂದೆ ಗಾಳಿಯ ಸದ್ದು. "ಪುಟ್ಟಿ ಮುನಿಗಿಂದಮ್ಮಾ. ಮೀರೇಮೀ..." ಎಂದಿತು. ಅಲ್ಲಿಗೆ ಕಡಿದುಹೋಯಿತು. ತಿರುಗಿ ಎಷ್ಟು ಸಲ ಒತ್ತಿದರೂ ಸಿಗಲಿಲ್ಲ. ಮುನಿಗಿಂದಿ ಅಂದರೆ ಮುಳುಗಿದಳು. ಅಷ್ಟು ತೆಲುಗು ನನಗೆ ಬರುತ್ತದೆ.

ಮನೆಯಲ್ಲಿದ್ದವರು ನಮ್ಮ ಅತ್ತೆ ಒಬ್ಬರೇ. ನಮ್ಮ ಯಜಮಾನರು ರೇಷ್ಮೆ ತರಲು ಧರ್ಮಾವರಕ್ಕೆ ಹೋಗಿದ್ದರು, ಅವರ ಫೋನೂ ಸಿಗಲಿಲ್ಲ. ನಾನು ಅತ್ತೆಗೆ ಕನ್ನಡದಲ್ಲೇ, "ನಮ್ಮುಡುಗಿ ಮುಳುಗಿದ್ಲಂತೆ" ಎಂದೆ. ಅವರು ಗೋಡೆ ಹಿಡಿದುಕೊಂಡು ಕೂತುಬಿಟ್ಟರು. ಆಮೇಲೆ ಅವರೇ ಎದ್ದು ಬಾಗಿಲಿಗೆ ಬೀಗ ಹಾಕಿ ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಳ್ಳಾರಿ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು.

ಊರು ದಾಟಿ ಸ್ವಲ್ಪ ದೂರಕ್ಕೆ ಬೆಟ್ಟಗಳ ಸಾಲು ಕಾಣುತ್ತದೆ, ರಾಮೇಶ್ವರನ ಗುಡಿ ಅಲ್ಲೇ ಮೇಲೆ. ಬಸ್ಸಿನ ಕಿಟಕಿಯಿಂದ ನಾನು ಯಾವತ್ತೂ ಆ ಕಡೆ ಕೈ ಮುಗಿಯುತ್ತೇನೆ. ಅವತ್ತು ಮುಗಿಯಲಿಲ್ಲ. ಕಣ್ಣೀರೂ ಬರಲಿಲ್ಲ, ಬರೀ ಸಿಟ್ಟು. ಮದುವೆಯಾಗಿ ಬಂದಾಗಿನಿಂದ ಶ್ರಾವಣದ ಸೋಮವಾರ ಒಂದೂ ತಪ್ಪಿಸದೆ ಆ ಮೆಟ್ಟಿಲು ಹತ್ತಿದ್ದೇನೆ. ಪುಟ್ಟಿ ಹೊಟ್ಟೆಯಲ್ಲಿದ್ದಾಗಲೂ ಹತ್ತಿದ್ದೇನೆ. ಇಷ್ಟೆಲ್ಲ ಎಣ್ಣೆ ಬತ್ತಿ ಹಾಕಿಸಿಕೊಂಡು ನೀನು ಮಾಡಿದ್ದು ಇದೇನಾ, ಮೇಲೆ ಕೂತು ನೋಡುತ್ತಿದ್ದೆಯಾ, ನಿದ್ದೆ ಮಾಡುತ್ತಿದ್ದೆಯಾ ಎಂದು ಕೇಳಿದೆ. ನನ್ನ ಜೀವ ಇರುವ ತನಕ ನಿನ್ನ ಬೆಟ್ಟಕ್ಕೆ ಕಾಲಿಡುವುದಿಲ್ಲ ಎಂದೆ. ಜೋರಾಗಿಯೇ ಅಂದೆನೇನೋ, ಮುಂದಿನ ಸೀಟಿನವರು ತಿರುಗಿ ನೋಡಿದರು.

ರಾಂಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅತ್ತೆ ನನ್ನ ಮೊಣಕೈ ಹಿಡಿದು ಅಲುಗಿಸಿದರು.

"ಆಯನ ಏಮನಿ ಚೆಪ್ಪಾಡು? ಅವನು ಹೇಳಿದ ಮಾತೇ ಹೇಳು, ನಿನ್ನ ಮಾತು ಬ್ಯಾಡ."

"ಎಷ್ಟು ಸಲ ಸಾಯಿಸ್ತೀರತ್ತೆ ನನ್ನ. ಪುಟ್ಟಿ ಮುನಿಗಿಂದಿ ಅಂದ."

"ಪುಟ್ಟಿ ಅಂತ ಹೆಸರು ಹಿಡಿದು ಅಂದ್ನಾ? ಅವನಿಗೆ ನಮ್ಮುಡುಗಿ ಮನೆ ಹೆಸರು ಯಾರು ಹೇಳಿದ್ರು?"

ಕಾಗದದ ಮೇಲೆ ನಾನು ಬರೆಸಿದ್ದು ನಂಬರು ಮಾತ್ರ.

"ಪುಟ್ಟಿ ಅಂಟೇ ಪಡವೇ, ಪಿಚ್ಚಿದಾನಾ" ಎಂದರು ಅತ್ತೆ. "ಪುಟ್ಟಿ ಅಂದ್ರೆ ಹರಿಗೋಲು ಕಣೇ ಹುಚ್ಚಿ. ನಮ್ಮ ತುಂಗಭದ್ರೆ ದಂಡೇಲಿ ಹಂಗೇ ಅಂತೀವಿ."

ಅತ್ತೆ ಹುಟ್ಟಿದ್ದು ಆದೋನಿಯ ಆಚೆ, ಹೊಳೆಯ ದಂಡೆಯ ಹಳ್ಳಿಯಲ್ಲಿ. ಅವರು ನನ್ನ ಮಗಳನ್ನು ಒಂದು ದಿನವೂ ಪುಟ್ಟಿ ಎಂದು ಕರೆದವರಲ್ಲ, ಮಂಜುಳ ಎಂದೇ ಕರೆಯುವುದು. ಅದನ್ನು ನಾನು ಇಷ್ಟು ವರ್ಷ ಸೊಕ್ಕು ಎಂದುಕೊಂಡಿದ್ದೆ. ಮನೆಮಗುವನ್ನು ಹರಿಗೋಲು ಎಂದು ಕರೆಯಲು ಯಾರಿಗೆ ಮನಸ್ಸು ಬರುತ್ತದೆ. ಇನ್ನು ಆ ಭಾಷೆಯನ್ನು ನೋಡಿ. ನಮ್ಮಲ್ಲಿ ಹುಡುಗಿಯಾದರೆ ಮುಳುಗಿದಳು, ದೋಣಿಯಾದರೆ ಮುಳುಗಿತು. ತೆಲುಗಿನಲ್ಲಿ ಎರಡಕ್ಕೂ ಮುನಿಗಿಂದಿ. ಆ ಒಂದು ಮಾತು ನನ್ನನ್ನು ಮೊಳಕಾಲ್ಮೂರಿನಿಂದ ರಾಂಪುರದ ತನಕ ಬರಿಗಾಲಲ್ಲಿ ಸುಟ್ಟಿತ್ತು.

ಆದರೆ ಹರಿಗೋಲು ಮುಳುಗಿದರೆ ಅದರೊಳಗೆ ಕೂತವರು? ಬಸ್ಸು ಹೊರಟಿತು. ಅವತ್ತು ಮೊದಲ ಸಲ ಬೆಟ್ಟದ ಕಡೆ ಕೈ ಮುಗಿದೆ, ಸಿಟ್ಟು ಇಳಿಯದೆಯೇ. ಬೈದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಮಗಳನ್ನು ವಾಪಸ್ ಕೊಡು, ಆಮೇಲೆ ನನಗೆ ಏನು ಶಿಕ್ಷೆ ಬೇಕಾದರೂ ಮಾಡು ಎಂದೆ. ಇದಕ್ಕಿಂತ ಒರಟಾದ ಪ್ರಾರ್ಥನೆ ಅವನ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಕರ್ನೂಲಿನ ಬಸ್ಸು ಯಾವ ಕಡೆ ಎಂದು ಕೇಳುತ್ತಿರುವಾಗ ಫೋನ್ ಬಂತು. ಅತ್ತೆಯ ಕೈಗೆ ಕೊಟ್ಟೆ, ಅವರು ಒತ್ತಿ ನನ್ನ ಕಿವಿಗೆ ಹಿಡಿದರು.

"ಅವ್ವಾ, ನಾನು. ಹರಿಗೋಲು ಮುಳುಗ್ತು. ನಾವೆಲ್ಲ ಆರಾಮಿದ್ದೀವಿ. ಮೇಡಂನ ಕರ್ನೂಲು ಆಸ್ಪತ್ರೆಗೆ ಕರ್ಕಂಡ್ ಹೊಂಟೀವಿ."

ನಾನು ನೆಲದ ಮೇಲೆ ಕೂತೆ. ಜನ ಸುತ್ತಿ ಹೋಗುತ್ತಿದ್ದರು. ಅಲ್ಲಿ ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಇಪ್ಪತ್ತೆರಡು ವರ್ಷದಲ್ಲಿ ನಾವು ಹಾಗೆ ಹಿಡಿದುಕೊಂಡದ್ದು ಅದೇ ಮೊದಲು.

ಸಂಜೆ ಆಸ್ಪತ್ರೆಯಲ್ಲಿ ಪುಟ್ಟಿಯ ಬೆನ್ನಿಗೆ ಒಂದು ಗುದ್ದಿ ಆಮೇಲೆ ತಬ್ಬಿಕೊಂಡೆ. ನಡೆದದ್ದನ್ನು ಅವಳೇ ಹೇಳಿದಳು. ಎರಡು ಹರಿಗೋಲಿನಲ್ಲಿ ಮೂವರು ಮೂವರು ಹುಡುಗಿಯರು. ಪುಟ್ಟಿ ಇದ್ದ ಹರಿಗೋಲಿನಲ್ಲಿ ಮೇಡಂ ಕೂಡ ಇದ್ದರು. ನೀರೊಳಗೆ ಮುಳುಗಿದ್ದ ಒಣಮರದ ಬೊಡ್ಡೆ ತಗುಲಿ ತಳ ಹರಿಯಿತು. ಜಾಕೆಟ್ ಹಾಕಿದ್ದ ಮೂವರೂ ತೇಲಿದರು. ಹರಿಗೋಲಿನವನು ಈಜಿದ. ಮೇಡಂಗೆ ಓಟ ಬರುತ್ತದೆ, ವಾಲಿಬಾಲ್ ಬರುತ್ತದೆ, ಈಜು ಬರುವುದಿಲ್ಲ. ಪುಟ್ಟಿ ಅವರ ಜಡೆ ಹಿಡಿದುಕೊಂಡು, ಇನ್ನೊಂದು ಹರಿಗೋಲು ಬರುವ ತನಕ ಬಿಡಲಿಲ್ಲ. ಹರಿಗೋಲಿನವನು ಫೋನ್ ಸಿಗುವ ದಿಬ್ಬ ಹತ್ತಿ ನನಗೆ ಹೇಳಲು ಹೊರಟಿದ್ದು ಇಷ್ಟೇ: ಪುಟ್ಟಿ ಮುಳುಗಿತು, ನೀವೇನೂ ಹೆದರಬೇಡಿ.

ಮೇಡಂ ಮಂಚದಿಂದ ನನ್ನ ಕೈ ಹಿಡಿದು, "ಅಮ್ಮಾ, ನಿಮ್ಮ ಹಟ ನಮ್ಮನ್ನ ಉಳಿಸ್ತು" ಎಂದರು. ಒಳ್ಳೆಯ ಮಾತು ಆಡಬೇಕಿತ್ತು, ಬಾಯಿಗೆ ಬರಲಿಲ್ಲ. "ನೀವ್ಯಾಕೆ ಹಾಕ್ಕೊಳ್ಳಿಲ್ಲ?" ಎಂದು ಗದರಿದೆ. ಅವರು ಅತ್ತರು. ಅಳಲಿ ಎಂದು ಬಿಟ್ಟೆ.

ಭಜನೆಯವರು ಇದು ದೇವರ ಪರೀಕ್ಷೆ ಎನ್ನುತ್ತಾರೆ. ಹುಡುಗಿಯರನ್ನು ನೀರಿಗೆ ಹಾಕಿ ಪರೀಕ್ಷೆ ಮಾಡುವವನನ್ನು ನಾನು ಪೂಜೆ ಮಾಡುವುದಿಲ್ಲ. ತಳ ಹರಿದದ್ದು ಮರದ ಬೊಡ್ಡೆಯಿಂದ. ಜಾಕೆಟ್ ಇಲ್ಲದ್ದು ಮನುಷ್ಯರ ಉಡಾಫೆಯಿಂದ. ರಾಮೇಶ್ವರ ಮಾಡಿದ್ದು ಬೇರೆ. ಅಷ್ಟು ಜನ ನಗುತ್ತಿದ್ದಾಗ ನನ್ನನ್ನು ಕುರ್ಚಿಯಿಂದ ಏಳದ ಹಾಗೆ ಕೂರಿಸಿದ. ಎಷ್ಟೋ ವರ್ಷ ನನ್ನ ಸಿಟ್ಟು ಇಳಿಸಪ್ಪ ಎಂದು ಅವನನ್ನು ಬೇಡಿಕೊಂಡಿದ್ದೇನೆ. ಅವನು ಇಳಿಸದೇ ಇದ್ದದ್ದೇ ಅವನ ದಯೆ ಎಂದು ಈಗ ಗಟ್ಟಿಯಾಗಿ ನಂಬುತ್ತೇನೆ. ಅವನಿಗೆ ನನ್ನ ಸಾವಿರ ನಮಸ್ಕಾರ.

ಮುಂದಿನ ಸೋಮವಾರ ಅತ್ತೆ, ಪುಟ್ಟಿ, ನಾನು ಬೆಟ್ಟ ಹತ್ತಿದೆವು. ಅತ್ತೆಗೆ ಮಂಡಿನೋವು, ಮೆಟ್ಟಿಲು ಮೆಟ್ಟಿಲಿಗೂ ಕೂರಿಸಿಕೊಂಡು ಹೋದೆವು. ಅರ್ಚನೆಗೆ ಆರೂ ಹುಡುಗಿಯರ ಹೆಸರು ಹೇಳಿದೆ, ಹರಿಗೋಲಿನವನ ಹೆಸರು ಹೇಳಿದೆ. ಕೊನೆಗೆ ಮೇಡಂ ಹೆಸರನ್ನೂ ಹೇಳಿದೆ.

"ಅವರ ಗೋತ್ರ?" ಎಂದರು ಪೂಜಾರರು.

"ಅದು ಗೊತ್ತಿಲ್ಲ ಸ್ವಾಮಿ. ಈಜು ಬರಲ್ಲ, ಹೇಳಿದ್ ಕೇಳಲ್ಲ, ಅದೊಂದು ಗೊತ್ತು. ನೋಡ್ಕೊಳಪ್ಪ ಅಂತ ಹೇಳ್ರಿ ಅವನಿಗೆ."