ಪೂಜೆಗಿಟ್ಟ ಸ್ಕ್ರೂಡ್ರೈವರ್

ಆಯುಧಪೂಜೆಯ ದಿನ ಪೀಣ್ಯದಲ್ಲಿ ಯಾರೂ ಸ್ಪ್ಯಾನರ್ ಮುಟ್ಟುವುದಿಲ್ಲ. ಮುಟ್ಟಿದವಳು ನಾನೊಬ್ಬಳೇ ಎಂದು ನಮ್ಮ ಲ್ಯಾಬಿನಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಮುಟ್ಟಿದ್ದು ಸ್ಪ್ಯಾನರ್ ಅಲ್ಲ, ಸ್ಕ್ರೂಡ್ರೈವರ್. ಬೈಯುವವರು ಅಷ್ಟನ್ನಾದರೂ ಸರಿಯಾಗಿ ತಿಳಿದುಕೊಂಡು ಬೈಯಲಿ ಎಂಬುದಷ್ಟೇ ನನ್ನ ತಕರಾರು.

ನಮ್ಮದು ವಸ್ತುಗಳನ್ನು ಎಳೆದು, ಒತ್ತಿ, ಕೊನೆಗೆ ಮುರಿದು ನೋಡುವ ಸಣ್ಣ ಪರೀಕ್ಷಾಲಯ. ಎಡಕ್ಕೆ ಪವರ್ ಪ್ರೆಸ್ಸಿನ ಶೆಡ್ಡು, ಬಲಕ್ಕೆ ನಟ್ಟು ಬೋಲ್ಟಿಗೆ ಸತುವಿನ ಲೇಪ ಹಾಕುವವರು, ನಡುವೆ ನಾವು. ಮೊದಲೆಲ್ಲ ಕಬ್ಬಿಣದ ಸರಳು, ಸ್ಪ್ರಿಂಗು, ರಬ್ಬರ್ ಬುಷ್ಷುಗಳೇ ಬರುತ್ತಿದ್ದವು. ನಾನು ಸೇರಿದ ಮೇಲೆ ಮೆತ್ತಗಿನ ವಸ್ತುಗಳೂ ಬರತೊಡಗಿದವು. ಕಬ್ಬಿಣವನ್ನು ಮುರಿಯುವುದರಲ್ಲಿ ಅಂಥ ದೊಡ್ಡಸ್ತಿಕೆಯೇನಿಲ್ಲ. ಅದು ಎಲ್ಲಿ ಮುರಿಯುತ್ತದೆಂದು ಪುಸ್ತಕದಲ್ಲೇ ಬರೆದಿರುತ್ತದೆ. ಆದರೆ ಜೀವ ಇದ್ದದ್ದು, ಜೀವದಿಂದ ಬಂದದ್ದು ಯಾವ ಪುಸ್ತಕದ ಮಾತನ್ನೂ ಕೇಳುವುದಿಲ್ಲ. ನನಗೆ ಅದೇ ಇಷ್ಟ.

ಇಂಥವನ್ನೆಲ್ಲ ಇಡಲು ನಮ್ಮಲ್ಲಿದ್ದದ್ದು ಒಂದೇ ಫ್ರೀಜರ್. ಅದರ ಮೇಲಿನ ತಟ್ಟೆಯಲ್ಲಿ ಸೀಬೆಹಣ್ಣಿನ ಚೂರುಗಳು. ತೋಟದಿಂದ ಮಾರುಕಟ್ಟೆಗೆ ಬರುವ ದಾರಿಯಲ್ಲಿ ಕ್ರೇಟಿನೊಳಗೆ ಹಣ್ಣಿಗೆ ಎಷ್ಟು ಪೆಟ್ಟು ಬಿದ್ದರೆ ಒಳಗೆ ಕಂದುತ್ತದೆ ಎಂದು ಒಂದು ಕೃಷಿ ಕಾಲೇಜಿನವರು ನಮ್ಮಿಂದ ಅಳೆಸುತ್ತಿದ್ದರು. ನಾವು ಹಣ್ಣನ್ನು ಯಂತ್ರದಲ್ಲಿ ಹದವಾಗಿ ಒತ್ತಿ, ಪೆಟ್ಟು ಬಿದ್ದ ಜಾಗದ ತಿರುಳನ್ನು ಕೊಯ್ದು ಹೆಪ್ಪುಗಟ್ಟಿಸಿ ಅವರಿಗೆ ಕೊಡಬೇಕಿತ್ತು.

ನಡುವಿನ ತಟ್ಟೆ ನನ್ನದು. ಮೇಕೆಯ ಹಿಂಗಾಲಿನ ಸ್ನಾಯುರಜ್ಜುಗಳು, ಅಂದರೆ ಮಾಂಸವನ್ನು ಮೂಳೆಗೆ ಕಟ್ಟಿಹಾಕುವ ಬಿಳಿಯ ಹಗ್ಗಗಳು. ಅವನ್ನು ಅರ್ಧಕ್ಕೆ ಕತ್ತರಿಸಿ, ರೇಷ್ಮೆಗೂಡಿನ ತ್ಯಾಜ್ಯದಿಂದ ಮಾಡಿದ ತೆಳು ಪಟ್ಟಿಯನ್ನಿಟ್ಟು ಹೊಲಿದು, ಎಷ್ಟು ಎಳೆತ ತಡೆಯುತ್ತದೆಂದು ನೋಡುತ್ತಿದ್ದೆ. ಒಂದಲ್ಲ ಒಂದು ದಿನ ಕಾಲಿನ ರಜ್ಜು ಹರಿದುಕೊಂಡ ಯಾರಾದರೂ ಆ ಪಟ್ಟಿಯಿಂದ ಮತ್ತೆ ಮೆಟ್ಟಿಲು ಹತ್ತಬೇಕೆಂಬುದು ನನ್ನ ಆಸೆ. ರಜ್ಜುಗಳನ್ನು ದಾಸರಹಳ್ಳಿಯ ಮಟನ್ ಅಂಗಡಿಯಿಂದ ನಾನೇ ಆರಿಸಿ ತರುತ್ತಿದ್ದೆ. ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಮೇಕೆ ಕಾಲು. "ಇದ್ರಲ್ಲಿ ಸೂಪೂ ಆಗಲ್ಲ ಮೇಡಂ, ಯಾಕೆ ತಗೊಂಡೋಗ್ತೀರಾ?" ಎಂದು ಅಂಗಡಿಯವನು ಪ್ರತಿಸಲ ಕೇಳುತ್ತಿದ್ದ. ಹೂಡಿಯ ಅಪಾರ್ಟ್‌ಮೆಂಟಿನಲ್ಲಿ ನನ್ನ ಜೊತೆಗಿರುವ ಅವ್ವ ಮಾತ್ರ ಏನೂ ಕೇಳದೆ ಬಾಗಿಲಲ್ಲೇ ಬಚ್ಚಲು ತೋರಿಸುತ್ತಿದ್ದಳು. ನಾನು ಮೈ ತೊಳೆದು ಬಂದ ಮೇಲೇ ಅವಳು ತಾಟಿಗೆ ರೊಟ್ಟಿ ಹಾಕುತ್ತಿದ್ದದ್ದು.

ಕೆಳಗಿನ ತಟ್ಟೆಯಲ್ಲಿ ಮಣ್ಣಿತ್ತು. ಹಿಮಾಲಯದ ಆಚೆ ಮಗ್ಗುಲಲ್ಲಿ, ಬೇಸಿಗೆಯಲ್ಲೂ ನೆಲದೊಳಗೆ ಕರಗದೆ ಉಳಿಯುವ ಹೆಪ್ಪುಗಟ್ಟಿದ ಮಣ್ಣು. ಅದನ್ನು ಕೊರೆದು, ಕೊಳವೆಗಳಲ್ಲಿ ತುಂಬಿ, ಕರಗಗೊಡದೆ ಇಲ್ಲಿಯವರೆಗೆ ತಂದವನು ಒಬ್ಬ ಸಂಶೋಧಕ. ಬೆಟ್ಟದ ಮೇಲಿನ ರಸ್ತೆಗಳು, ಶಾಲೆಗಳು ಆ ಹೆಪ್ಪನ್ನು ನಂಬಿಕೊಂಡೇ ನಿಂತಿವೆ. ಚಳಿ ಒಂದಿಷ್ಟು ಕಡಿಮೆಯಾದರೆ ಅದರ ಬಲ ಎಷ್ಟು ಇಳಿಯುತ್ತದೆ ಎಂಬುದು ಅವನ ಪ್ರಶ್ನೆ. ಒತ್ತಿ ನೋಡಲು ನಮ್ಮ ಯಂತ್ರ ಬೇಕಿತ್ತು. ಮುಂದಿನ ಕಂತಿನ ಮಣ್ಣು ತರಲು ಅವನು ಮತ್ತೆ ಬೆಟ್ಟ ಹತ್ತಿದ್ದ. ಅಲ್ಲಿ ಫೋನು ಸಿಗುವುದಿಲ್ಲ. ಹೊರಡುವಾಗ "ನೋಡ್ಕೊಳ್ತೀರಲ್ಲ?" ಎಂದ. "ನೋಡ್ಕೊಳ್ತೀನಿ" ಎಂದಿದ್ದೆ.

ಹಣ್ಣು, ರಜ್ಜು, ಮಣ್ಣು ಮೂರಕ್ಕೂ ನಿಯಮ ಒಂದೇ. ಒಮ್ಮೆ ಕರಗಿತೋ, ಮತ್ತೆ ಹೆಪ್ಪುಗಟ್ಟಿಸಿದರೂ ಅದು ಮೊದಲಿನದಲ್ಲ. ನೋಡಲು ಹಾಗೇ ಇರುತ್ತದೆ, ಒಳಗೆ ಸತ್ತಿರುತ್ತದೆ.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಎಂದಿನಂತೆ ಎಲ್ಲ ಯಂತ್ರಗಳಿಗೂ ಸ್ನಾನವಾಯಿತು. ಲ್ಯಾಬಿನ ಮೇಂಟೆನೆನ್ಸ್ ನೋಡುವವನು ಕೊಪ್ಪಳದ ಕಡೆಯವನು. ಪೀಣ್ಯದ ಹಿಂದಿನ ಬೀದಿಯಲ್ಲಿ ಬಾಡಿಗೆ ರೂಮು ಮಾಡಿಕೊಂಡು, ವರ್ಷವಿಡೀ ಎಣ್ಣೆ ಮೈಯಲ್ಲೇ ಇರುವವನು ಅಂದು ಬಿಳಿ ಅಂಗಿ ತೊಟ್ಟು ಬಂದಿದ್ದ. ಪೈಪು ಹಿಡಿದು ಎಲ್ಲವನ್ನೂ ತೊಳೆದ. ದೊಡ್ಡ ಯಂತ್ರಕ್ಕೆ ಬಾಳೆಕಂದು ಕಟ್ಟಿದ. ಫ್ರೀಜರಿಗೂ ಚೆಂಡುಹೂವಿನ ಹಾರ ಬಿತ್ತು. ಹಲಗೆಯ ಮೇಲೆ ದೇವಿಯ ಪಟ, ಅದರ ಮುಂದೆ ಸಾಲಾಗಿ ಸ್ಪ್ಯಾನರು, ಸುತ್ತಿಗೆ, ಇಕ್ಕಳ, ನನ್ನ ಕೊಯ್ಯುವ ಚಾಕುಗಳು, ಎಲ್ಲಕ್ಕೂ ವಿಭೂತಿ, ಕುಂಕುಮ. ನನ್ನ ಕಂಪ್ಯೂಟರಿನ ಕೀಬೋರ್ಡಿಗೂ ಯಾರೋ ಕುಂಕುಮ ಇಟ್ಟಿದ್ದರು. ಬೂದುಗುಂಬಳ ಒಡೆದದ್ದಾಯಿತು, ಕಡಲೆಪುರಿ, ಸಿಹಿಯ ಪೊಟ್ಟಣ ಹಿಡಿದು ಎಲ್ಲರೂ ಮನೆಗೆ ಹೊರಟರು.

ಹಾರ ಫ್ರೀಜರಿನ ಗಾಳಿಕಂಡಿಗೆ ಅಡ್ಡ ಬಿದ್ದಿದೆಯೇನೋ ಎಂದು ನೋಡಲು ನಾನೊಬ್ಬಳು ಒಳಗೆ ಹೋದೆ. ಪೀಣ್ಯ ಅಷ್ಟು ನಿಶ್ಶಬ್ದವಾಗಿರುವುದು ವರ್ಷಕ್ಕೆ ಒಮ್ಮೆ. ಆ ಮೌನದಲ್ಲಿ ಫ್ರೀಜರಿನ ಹಿಂದೆ 'ಟಕ್' ಎಂದಿತು. ಒಂದಿಷ್ಟು ಹೊತ್ತು ಬಿಟ್ಟು ಮತ್ತೆ 'ಟಕ್'. ಕಂಪ್ರೆಸರ್ ಏಳಲು ಹೆಣಗುತ್ತಿತ್ತು, ಏಳಲಾಗದೆ ಬೀಳುತ್ತಿತ್ತು. ಮೈನಸ್ ಇಪ್ಪತ್ತು ತೋರಿಸಬೇಕಾದ ಫಲಕ ಮೈನಸ್ ಹದಿನಾಲ್ಕಕ್ಕೆ ಬಂದಿತ್ತು.

ಗೊತ್ತಿದ್ದ ಫ್ರಿಜ್ ಮೆಕ್ಯಾನಿಕ್‌ಗಳಿಗೆಲ್ಲ ಫೋನು ಹಚ್ಚಿದೆ. ಒಬ್ಬ, "ಅಕ್ಕ, ಟೂಲ್ಸ್ ಎಲ್ಲಾ ಪೂಜೆಗಿಟ್ಬಿಟ್ಟಿದೀನಿ, ನಾಳೆ ಮುಟ್ಟೋದು" ಎಂದ. ಮನೆಯಲ್ಲಿ ಉರ್ದು ಮಾತಾಡುವ ಇನ್ನೊಬ್ಬನಾದರೂ ಬರುತ್ತಾನೆಂದುಕೊಂಡರೆ, ಅವನೂ ನಕ್ಕು, "ನಮ್ ಶಾಪಲ್ಲೂ ಪೂಜೆ ಮೇಡಂ, ಹುಡುಗ್ರು ಬಿಡ್ತಾರಾ?" ಎಂದುಬಿಟ್ಟ. ಸಾವಿರಾರು ಮೆಕ್ಯಾನಿಕ್ಕುಗಳಿರುವ ಜಾಗ, ಒಂದು ತಿರುಪು ಬಿಚ್ಚಲು ಒಂದು ಕೈ ಇಲ್ಲ. ನನಗೆ ನಗು ಬರಲಿಲ್ಲ.

ಕೊನೆಗೆ ಮಾಲೀಕರಿಗೆ ಫೋನು ಮಾಡಿದೆ. ಅವರು ಹೋಳಿಗೆ ತಿನ್ನುತ್ತಲೇ ಮಾತಾಡಿದರು.

"ಇವತ್ತು ಯಾರೂ ಬರಲ್ಲ ಕಣ್ರೀ. ಐಸ್ ಬಾಕ್ಸ್ ಇದ್ಯಲ್ಲ, ಅದ್ರಲ್ಲಿ ಎಷ್ಟ್ ಹಿಡಿಯುತ್ತೋ ಅಷ್ಟು ಮನೆಗೆ ತಗೊಂಡೋಗಿ. ಯಾವ್ದಾದ್ರೂ ಒಂದನ್ನ ಉಳಿಸ್ಕೊಳ್ಳಿ."

"ಮಿಕ್ಕಿದ್ದು?"

"ನಾಳಿದ್ದು ರಿಪೇರಿ ಆದ್ಮೇಲೆ ಮತ್ತೆ ಫ್ರೀಜ್ ಆಗುತ್ತಲ್ಲ. ಯಾರಿಗ್ ಗೊತ್ತಾಗುತ್ತೆ?"

"ಮಣ್ಣಿಗೆ ಗೊತ್ತಾಗುತ್ತೆ ಸಾರ್" ಎಂದು ಫೋನು ಇಟ್ಟೆ.

ನನಗೆ ಸಿಟ್ಟು ಬೇಗ ಬರುತ್ತದೆ, ನಿಜ. ಆದರೆ ಅಂದಿನ ಸಿಟ್ಟಿಗೆ ಕಾರಣವಿತ್ತು. ಒಂದನ್ನು ಉಳಿಸಿಕೊಳ್ಳಿ ಎಂದರೆ ಯಾವುದನ್ನು? ಮೇಕೆ ಕಾಲು ನಾಳೆಯೂ ಸಿಗುತ್ತದೆ, ಆದರೆ ಅದಕ್ಕೆ ಹಾಕಿದ ಹೊಲಿಗೆಗಳಲ್ಲಿ ನನ್ನ ಎಷ್ಟು ತಿಂಗಳ ಕಣ್ಣು ಹೋಗಿದೆ! ಸೀಬೆ ಮುಂದಿನ ವಾರ ಬರುತ್ತದೆ, ಆದರೆ ಅದನ್ನು ನಂಬಿ ಆ ಕಾಲೇಜಿನಲ್ಲಿ ಯಾರೋ ಪರೀಕ್ಷೆ ಸಿದ್ಧ ಮಾಡಿಕೊಂಡು ಕೂತಿದ್ದಾರೆ. ಮಣ್ಣಿನದಂತೂ ಕೇಳುವುದೇ ಬೇಡ. ಮೂರೂ ನನ್ನ ಸುಪರ್ದಿನಲ್ಲಿದ್ದವು. ಆರಿಸು ಎಂದು ಹೇಳಲು ಇವರು ಯಾರು? ನಾನು ಆರಿಸುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ.

ಬಾಗಿಲು ಹಾಕಲು ಮೇಂಟೆನೆನ್ಸಿನವನು ಇನ್ನೂ ಕಾಯುತ್ತಿದ್ದ. ಕರೆದು ವಿಷಯ ಹೇಳಿದೆ. ಅವನು ಫ್ರೀಜರನ್ನು ನೋಡಿದ, ಹಲಗೆಯ ಮೇಲಿನ ಟೂಲ್ಸ್ ನೋಡಿದ, ತಲೆ ಅಲ್ಲಾಡಿಸಿದ.

"ಇವತ್ತ ಕೈ ಹಚ್ಚಂಗಿಲ್ರಿ ಅಕ್ಕಾರ. ನಮ್ಮಪ್ಪನ ಕಾಲದಾಗಿಂದ್ಲೂ ಇವತ್ತ ಹೊಲದಾಗ ಬಿತ್ತೋ ಕೂರಿಗಿ ಎತ್ತಿಲ್ಲ. ವರ್ಷಪೂರ್ತಿ ನಾ ದುಡೀತೀನಿ, ಅವೂ ದುಡೀತಾವು. ಇದೊಂದಿನ ಅವಕ್ಕೂ ಬ್ಯಾಡೇನ್ರಿ?"

"ಹಂಗಾದ್ರೆ ನಾನು ತಗೊಳ್ತೀನಿ."

"ನೀವ ತಗೊಂಡ್ರ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಕೈಲೆ ಕೊಡಂಗಿಲ್ಲ."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಾಲೀಕರದ್ದು ಸೋಮಾರಿತನ, ಇವನದ್ದು ಹಟ. ಹಟ ಎಂದರೇನೆಂದು ನನಗೆ ಗೊತ್ತು.

ದಾವಣಗೆರೆಯಲ್ಲಿ ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಲಿಂಗಪೂಜೆ ತಪ್ಪಿಸಿದವರಲ್ಲ, ಆಯುಧಪೂಜೆಯನ್ನೂ ಬಿಟ್ಟವರಲ್ಲ. ಆದರೆ ಹಬ್ಬದ ದಿನವೂ ಯಾರಾದರೂ ಸುಟ್ಟ ಪಂಪ್‌ಸೆಟ್ ಹೊತ್ತು ಬಂದರೆ, ದೇವಿಯ ಮುಂದಿಂದಲೇ ಇಕ್ಕಳ ಎತ್ತಿಕೊಳ್ಳುತ್ತಿದ್ದರು. ಅವ್ವ ಗೊಣಗಿದರೆ, "ನೀರಿಲ್ಲ ಅಂತ ಬಂದವ್ನಿಗೆ ನಾಳೆ ಬಾ ಅನ್ನಕ್ಕಾಗುತ್ತೇನೆ?" ಎನ್ನುತ್ತಿದ್ದರು. ಪಕ್ಕದಲ್ಲಿ ಕೂತು ತಾಮ್ರದ ತಂತಿ ಸುತ್ತಲು ಕಲಿತವಳು ನಾನು. ಮೋಟಾರು ಎದ್ದೇಳಲಾಗದೆ 'ಟಕ್' ಎನ್ನುವ ಸದ್ದು ನನಗೆ ಕೂಸಿನ ಅಳುವಿನಷ್ಟೇ ಪರಿಚಿತ.

ಹಲಗೆಯ ಮುಂದೆ ಹೋಗಿ ನಿಂತೆ. ಹಳದಿ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿಗೆ ಕುಂಕುಮ ಇನ್ನೂ ಹಸಿಯಾಗಿತ್ತು. ಭಯವಾಗಲಿಲ್ಲವೇ ಎಂದರೆ, ಆಯಿತು. ದೇವಿಯ ಪಟವನ್ನು ನೇರವಾಗಿ ನೋಡಿ, "ಬೇಕಾದ್ರೆ ಬೈಕೋ, ಆಮೇಲೆ" ಎಂದು ಎತ್ತಿಕೊಂಡೆ.

ಫ್ರೀಜರಿನ ಬಾಗಿಲು ತೆರೆಯದೆ, ಅದನ್ನು ಗೋಡೆಯಿಂದ ಮುಂದಕ್ಕೆ ಎಳೆದೆ. ಪ್ಲಗ್ಗು ಕಿತ್ತು ಹಿಂದಿನ ತಗಡು ಬಿಚ್ಚಿದೆ. ಒಳಗೆ ಕತ್ತಲು. ಅಷ್ಟರಲ್ಲಿ ನನ್ನ ಭುಜದ ಮೇಲಿಂದ ಬೆಳಕು ಬಿತ್ತು. ಮೇಂಟೆನೆನ್ಸಿನವನು ಮೊಬೈಲಿನ ಟಾರ್ಚು ಹಿಡಿದು ನಿಂತಿದ್ದ.

"ಮೊಬೈಲ್ ಪೂಜೆಗಿಟ್ಟಿಲ್ರಿ" ಎಂದ.

ಕಂಪ್ರೆಸರಿಗೆ ಚಾಲನೆ ಕೊಡುವ ಪುಟ್ಟ ರಿಲೇ ಸುಟ್ಟು ಕಪ್ಪಾಗಿತ್ತು. ಅದರ ಸುತ್ತ ನೀರಿನ ಹನಿಗಳು ಕೂತಿದ್ದವು. ಬೆಳಕು ಒಂದು ಕ್ಷಣ ಅಲುಗಿತು. "ನಾನ ತೊಳದದ್ದರಿ" ಎಂದ, ಬಹಳ ಸಣ್ಣ ದನಿಯಲ್ಲಿ. ಬೈಯುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆ ಬಿಳಿ ಅಂಗಿ ನೋಡಿ ನುಂಗಿಕೊಂಡೆ. "ಬೆಳಕು ಸರಿಯಾಗಿ ಹಿಡಿ" ಎಂದೆ.

ಚಹಾ ಕೋಣೆಯಲ್ಲಿದ್ದ ಹಳೆಯ ಫ್ರಿಜ್ಜಿಗೂ ಹೆಚ್ಚುಕಡಿಮೆ ಅಂಥದೇ ರಿಲೇ ಇರುತ್ತದೆಂದು ನನಗೆ ಗೊತ್ತಿತ್ತು. ಅದರಲ್ಲಿದ್ದ ಪಾಯಸವನ್ನೂ ಮಾಲೀಕರ ಹಾಲಿನ ಪ್ಯಾಕೆಟ್ಟುಗಳನ್ನೂ ಮೇಜಿನ ಮೇಲಿಟ್ಟು, ಅದರ ರಿಲೇ ಕಿತ್ತು ತಂದೆ. ಫ್ರೀಜರಿನ ಪಿನ್ನುಗಳನ್ನು ಸೆರಗಿನಿಂದ ಒರೆಸಿ ಒಣಗಿಸಿ, ಅದನ್ನು ಒತ್ತಿ ಕೂರಿಸಿದೆ. ಕಂಪ್ರೆಸರಿಗೆ ಸುಧಾರಿಸಿಕೊಳ್ಳಲು ಒಂದಿಷ್ಟು ಹೊತ್ತು ಕೊಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ. ಆಮೇಲೆ ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿದೆ.

'ಟಕ್' ಎಂದಿತು. ನಂತರ ಗುಂಯ್ ಎಂದು ಓಡತೊಡಗಿತು. ನಾನು ನೆಲದ ಮೇಲೇ ಕೂತು ಅತ್ತೆ. ಅತ್ತಿದ್ದಕ್ಕೆ ನಾಚಿಕೆಯಿಲ್ಲ.

ಫಲಕ ಮೈನಸ್ ಇಪ್ಪತ್ತಕ್ಕೆ ಇಳಿಯುವವರೆಗೂ ಅವನು ಮನೆಗೆ ಹೋಗಲಿಲ್ಲ. ಒಂದು ಟೂಲನ್ನೂ ಮುಟ್ಟಲಿಲ್ಲ, ನಿಜ. ಆದರೆ ಮೇಜಿನ ಮೇಲಿನ ಪಾಯಸವನ್ನು ಎರಡು ಲೋಟಕ್ಕೆ ಹಾಕಿ ತಂದ. ಇಬ್ಬರೂ ಕುಡಿದು ಮುಗಿಸಿದೆವು. ಮಾಲೀಕರ ಹಾಲು ಒಡೆದುಹೋಗಿತ್ತು. ಅದನ್ನು ನಾನು ಉಳಿಸಲು ಹೋಗಲಿಲ್ಲ.

ಬಾಗಿಲ ಬಳಿಯ ಕೆಲವು ಸೀಬೆ ಚೂರುಗಳ ಅಂಚು ಮೆತ್ತಗಾಗಿತ್ತು. ಅವನ್ನು ಎಸೆದು, ಕಾಲೇಜಿನವರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿ, ಹೊಸ ಹಣ್ಣು ತರಿಸಿದೆ. ನನ್ನ ಹೊಲಿಗೆಗಳು ಉಳಿದವು. ಬೆಟ್ಟದಿಂದ ಮರಳಿದ ಸಂಶೋಧಕನಿಗೆ ಫಲಕ ಎಲ್ಲಿಯವರೆಗೆ ಏರಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವನು ಕೊಳವೆಗಳನ್ನು ಒಂದೊಂದಾಗಿ ನೋಡಿ, "ಕರಗಿಲ್ಲ" ಎಂದ. ಆಮೇಲೆ ಫ್ರೀಜರಿನ ಬಾಗಿಲು ಭದ್ರವಾಗಿ ಮುಚ್ಚಿದ.

"ಕರಗಿದ್ರೆ ನಾನು ಮತ್ತೆ ಬೆಟ್ಟ ಹತ್ತಬಹುದಿತ್ತು ಮೇಡಂ. ಆದ್ರೆ ಇದನ್ನ ಕೊರೆದ ಜಾಗ ಈಗಿಲ್ಲ. ಈ ಸಲ ಹೋಗಿ ನೋಡಿದ್ರೆ ಆ ಇಳಿಜಾರೇ ಕುಸಿದು ಹೊಳೆಗೆ ಹೋಗಿದೆ. ಅಲ್ಲಿದ್ದ ಮಣ್ಣು ಅಂತ ಉಳಿದಿರೋದು ಈಗ ನಿಮ್ಮ ಫ್ರೀಜರಲ್ಲಿರೋದು ಮಾತ್ರ."

ಯಾರಿಗೆ ಗೊತ್ತಾಗುತ್ತೆ ಎಂದಿದ್ದರಲ್ಲ ಮಾಲೀಕರು, ಅವರು ಆಗ ಅಲ್ಲಿರಬೇಕಿತ್ತು.

ಆ ವರ್ಷ ಲ್ಯಾಬಿನಲ್ಲಿ ಏನೇ ಕೆಟ್ಟರೂ ಅದಕ್ಕೆ ನಾನೇ ಕಾರಣಳಾದೆ. ಫ್ಯೂಸ್ ಹೋದರೆ ನನ್ನ ಸ್ಕ್ರೂಡ್ರೈವರು, ಮಾಲೀಕರ ಕಾರು ಪಂಕ್ಚರಾದರೆ ನನ್ನ ಸ್ಕ್ರೂಡ್ರೈವರು, ಲೆಕ್ಕದ ಹುಡುಗಿಗೆ ಡೆಂಗ್ಯೂ ಬಂದರೂ ನನ್ನ ಸ್ಕ್ರೂಡ್ರೈವರು. "ದೇವ್ರ ಮುಂದಿಂದ ಎತ್ತಿದ್ರೆ ಇನ್ನೇನಾಗುತ್ತೆ ಕಣ್ರೀ" ಎಂದು ಮಾಲೀಕರು ಎಲ್ಲರೆದುರೇ ಅಂದರು. "ಸೊಳ್ಳೆ ಕಚ್ಚಿದ್ರೆ ಡೆಂಗ್ಯೂ ಆಗುತ್ತೆ ಸಾರ್, ಹಿಂದಿನ ಮೋರಿ ಕ್ಲೀನ್ ಮಾಡ್ಸಿ" ಎಂದೆ. ಮೋರಿ ಇನ್ನೂ ಹಾಗೇ ಇದೆ.

ಮತ್ತೆ ಆಯುಧಪೂಜೆ ಬಂತು. ಹಲಗೆಯ ಮೇಲೆ ಒಂದೊಂದೇ ಟೂಲು ಬಂದು ಕೂತಿತು. ಹಳದಿ ಹಿಡಿಯದು ಬರಲಿಲ್ಲ. ಅದು ನನ್ನ ಬಿಳಿ ಕೋಟಿನ ಜೇಬಿನಲ್ಲಿತ್ತು, ಹಿಡಿ ಹೊರಗೆ ಕಾಣುವಂತೆ. ಬೇಕೆಂದೇ ಹಾಗಿಟ್ಟುಕೊಂಡಿದ್ದೆ. ಫ್ರೀಜರ್ ಓಡುವಷ್ಟು ಕಾಲ ಒಂದು ಟೂಲು ಕೆಲಸದಲ್ಲಿರಬೇಕು, ಕೇಳುವವರು ಬಂದು ಕೇಳಲಿ ಎಂದು ಎದೆ ಸೆಟೆಸಿ ನಿಂತಿದ್ದೆ. ಮಾಲೀಕರು ನೋಡಿದರು, ಮುಖ ಗಂಟಿಕ್ಕಿದರು, ಮೇಂಟೆನೆನ್ಸಿನವನಿಗೆ ಕಣ್ಸನ್ನೆ ಮಾಡಿದರು.

ಅವನು ಕುಂಕುಮದ ಬಟ್ಟಲು ಹಿಡಿದು ನನ್ನ ಕಡೆಗೇ ಬಂದ. ಅದೇ ಬಿಳಿ ಅಂಗಿ. ಹಿಂದೆ ಮುಂದೆ ನೋಡದೆ ಹೇಳುವ ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅವನು ಏನನ್ನೂ ಕೇಳಲಿಲ್ಲ. ಕುಂಕುಮದಲ್ಲಿ ಬೆರಳದ್ದಿ, ಜೇಬಿನಿಂದ ಹೊರಗೆ ಕಾಣುತ್ತಿದ್ದ ಹಳದಿ ಹಿಡಿಗೆ ಒಂದು ಬೊಟ್ಟಿಟ್ಟ. ಕೈ ಮುಗಿದ.

"ಕೆಳಗ ಇಡಬ್ಯಾಡ್ರಿ ಅಕ್ಕಾರ" ಎಂದ. "ಅಲ್ಲೇ ಇರ್ಲಿ."