ಉಪ್ಪು ಹೆಚ್ಚಾದ ಅಪ್ಪೆಹುಳಿ

ಇಂಗ್ಲಿಷಿನ ವೆರಿ, ಟೂ ಎರಡಕ್ಕೂ ‘ತುಂಬಾ’ ಎಂದು ಬರೆಸಿ ಮುಂದೆ ಹೋಗುವ ಮೇಷ್ಟ್ರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿ. ಭಾರದ ಚೀಲವನ್ನು ಏದುಸಿರು ಬಿಡುತ್ತಲಾದರೂ ಹೊರಬಹುದಾದರೆ ಅದು ವೆರಿ. ಟೂ ಎಂದರೆ ಚೀಲ ಕೆಳಗಿಟ್ಟು, ಆಗುವುದಿಲ್ಲ ಎನ್ನಬೇಕು.

ಶಿರಸಿಯ ಖಾಸಗಿ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಟೀಚರ್ ಆಗಿದ್ದೆ. ಕೆಲಸ ಕಾಯಂ ಅಲ್ಲ, ಪ್ರತಿ ಜೂನ್‌ನಲ್ಲಿ ಅವರು ಕರೆದರೆ ಉಂಟು. ಒಂದು ದಿನ ಇಸಳೂರಿನ ಮನೆಯಿಂದ ಬಸ್ಸಿನಲ್ಲಿ ಅಪ್ಪೆಹುಳಿ ಹೊತ್ತುಕೊಂಡು ಹೋದೆ. ಹುಳಿಮಾವು ಬೇಯಿಸಿ ಹಿಂಡಿದ ಆ ನೀರುಸಾರಿಗೆ ಬೇಕೆಂದೇ ಹಿಡಿಗಟ್ಟಲೆ ಉಪ್ಪು ಸುರಿದಿದ್ದೆ. ಮಕ್ಕಳು ಕುಡಿದರು, ಮುಖ ಕಿವುಚಿದರು. ಹೇಗಿದೆ ಎಂದರೆ ಎಲ್ಲರದೂ ಒಂದೇ ಉತ್ತರ, ವೆರಿ ಸಾಲ್ಟಿ. ಕೆಲವರು ಇನ್ನೊಮ್ಮೆ ಹಾಕಿಸಿಕೊಂಡರು ಕೂಡ! ಬಡಿಸಿದವರ ಎದುರು ಅಡುಗೆಗೆ ಹೆಸರಿಡಬಾರದೆಂದು ನಮ್ಮ ಕಡೆ ಬಾಳೆಎಲೆ ಮುಂದೆ ಕೂರಲು ಬಂದಾಗಿನಿಂದ ಹೇಳಿಕೊಟ್ಟಿರುತ್ತಾರೆ. ನಾನೂ ಹಾಗೇ ಬೆಳೆದವಳು, ಅದಕ್ಕೇ ಸಿಟ್ಟು ಬಂತು. ಕುಡಿಯಲಾಗದಿದ್ದರೆ ಲೋಟ ಕೆಳಗಿಡಿ, ನನಗೇನೂ ಬೇಜಾರಿಲ್ಲ ಎಂದೆ. ಬಹಳ ಹೊತ್ತಿನ ಮೇಲೆ ಒಬ್ಬ ಹುಡುಗಿ ಎದ್ದು ಬಂದು ನನ್ನ ಮೇಜಿನ ಮೇಲೆ ಲೋಟ ಇಟ್ಟಳು.

“ಟೂ ಸಾಲ್ಟಿ, ಟೀಚರ್. ಕುಡಿಯಲೆ ಆಗ್ತಿಲ್ಲೆ.”

ನಾನು ಚಪ್ಪಾಳೆ ತಟ್ಟಿದೆ.

ಆ ಭಾನುವಾರ ಸಿದ್ದಾಪುರದಲ್ಲಿ ಅವಳು ದೊಡ್ಡಮ್ಮನ ಸಾಂಬಾರಿಗೂ ಅದನ್ನೇ ಹೇಳಿದಳಂತೆ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ. ಮರುದಿನ ಅವಳ ಅಪ್ಪ ಶಾಲೆಗೆ ಬಂದು, ಇಂಗ್ಲಿಷ್ ಕಲಿಸಿ ಎಂದರೆ ಎದುರುತ್ತರ ಕಲಿಸಿದ್ದೀರಿ ಎಂದು ಕೂಗಾಡಿದರು. ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಕೆಟ್ಟವರಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ ಎಂದು ನಕ್ಕು, ಅಪ್ಪ ಮಗಳಿಬ್ಬರ ಎದುರು ತಪ್ಪಾಯಿತು ಎಂದುಬಿಡಿ, ಮುಂದಿನ ವರ್ಷವೂ ನೀವೇ ಇರುತ್ತೀರಿ ಎಂದರು. ಹುಡುಗಿ ಬಾಗಿಲ ಹೊರಗೆ ತಲೆ ತಗ್ಗಿಸಿ ನಿಂತಿದ್ದಳು.

“ಬೇರೆ ಎಂತ ಬೇಕಾದ್ರೂ ಹೇಳಿ ಸರ್, ಮಾಡ್ತೇನೆ. ಇದೊಂದು ನನ್ನ ಕೈಲಿ ಆಗೂದಿಲ್ಲ,” ಎಂದೆ. ಅವಳಿಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಜೂನ್‌ನಲ್ಲಿ ಕರೆ ಬರಲಿಲ್ಲ, ನಾನೂ ಕೇಳಲು ಹೋಗಲಿಲ್ಲ. ಸಂಬಳ ನಿಂತದ್ದು ಕಷ್ಟವೇ, ಸುಳ್ಳು ಯಾಕೆ ಹೇಳಲಿ? ಆದರೆ ಅಂದು ನಾನು ತಪ್ಪಾಯಿತು ಎಂದಿದ್ದರೆ ಆ ಹುಡುಗಿ ಜನ್ಮದಲ್ಲಿ ಇನ್ಯಾರಿಗೂ ‘ಆಗುವುದಿಲ್ಲ’ ಎನ್ನುತ್ತಿರಲಿಲ್ಲ.