ಹಿತ್ತಲಲ್ಲಿ ನಿಂತ ಕಾರುಗಳಿಗೊಬ್ಬ ಅಕ್ಕ

"ಚೆನ್ನಾಗಿದೆ ಸಾರ್, ನೀವೇನೂ ಯೋಚನೆ ಮಾಡಬೇಡಿ. ನಿನ್ನೆ ಮೈ ಒರೆಸಿದೀನಿ. ಎರಡೂವರೆ ಗಂಟೆ ಚಾರ್ಜಿಗೂ ಹಾಕಿದ್ದೆ. ಇಲ್ಲ ಸಾರ್, ಡಾಕ್ಟರ್ ಇನ್ನೂ ಬಂದು ನೋಡಿಲ್ಲ."

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಕೈಯಲ್ಲಿ ಊಟದ ಡಬ್ಬಿ ಹಿಡಿದು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಐವತ್ತಮೂರು ವರ್ಷದ ಹೆಂಗಸೊಬ್ಬರು ಬಿರಬಿರನೆ ನಡೆಯುತ್ತಿದ್ದಾರೆ. ಮಾತು ಕೇಳಿದವರು ಯಾವುದೋ ಆಸ್ಪತ್ರೆಯ ಆಯಾ ಇರಬೇಕು ಅಂದುಕೊಳ್ಳುತ್ತಾರೆ. ಅದು ಪೂರ್ತಿ ತಪ್ಪೂ ಅಲ್ಲ, ಹದಿನಾರು ವರ್ಷ ಅವರು ಆಯಾ ಆಗಿಯೇ ದುಡಿದವರು. ಆದರೆ ಈಗ ಅವರು ಹೇಳುತ್ತಿರುವುದು ಒಂದು ಕಾರಿನ ಯೋಗಕ್ಷೇಮ. ಡಾಕ್ಟರ್ ಅಂದರೆ ಶೋರೂಮಿನ ಮೆಕ್ಯಾನಿಕ್. ಆ ಕಡೆಯಿಂದ ಮಾತಾಡುತ್ತಿರುವವರು ಆಸೆಪಟ್ಟು ಹೊಸ ಎಲೆಕ್ಟ್ರಿಕ್ ಕಾರು ಕೊಂಡು, ಎರಡೇ ತಿಂಗಳಿಗೆ ರಿಪೇರಿಗೆ ಬಿಟ್ಟು, ಆಮೇಲೆ ಅದರ ಮುಖ ಕಾಣದವರು.

ಒಂದು ಕರೆ ಮುಗಿದರೆ ಇನ್ನೊಂದು. ಮನೆಯಿಂದ ಗೇಟಿನವರೆಗೆ ಇಪ್ಪತ್ತೈದು ನಿಮಿಷದ ದಾರಿ, ಅಷ್ಟರಲ್ಲಿ ಏಳೆಂಟು ಕರೆ. ಆರು ಗಂಟೆಗೆ ಸರಿಯಾಗಿ ಗೇಟಿನ ವಾಚ್‌ಮನ್ ಒಂದು ತಗಡಿನ ಡಬ್ಬ ಮುಂದೆ ಹಿಡಿಯುತ್ತಾನೆ. ಫೋನು ಅದರೊಳಗೆ ಬೀಳಬೇಕು, ಸಂಜೆ ನಾಲ್ಕಕ್ಕೆ ವಾಪಸ್. ಶೋರೂಮಿನಲ್ಲಿ ನಲವತ್ತು ಜನ ಕೆಲಸಕ್ಕಿದ್ದಾರೆ. ಈ ಕಾನೂನು ಮಾತ್ರ ಇವರೊಬ್ಬರಿಗೇ. ಅದು ಯಾಕೆ ಅನ್ನುವುದಕ್ಕೆ ಒಂದು ಬಿಳಿ ಕಾರಿನ ಕಥೆ ಹೇಳಬೇಕು.

ಶೋರೂಮಿನ ಮುಂಭಾಗವನ್ನು ನೀವೂ ನೋಡಿರುತ್ತೀರಿ. ಗಾಜಿನ ಗೋಡೆ, ಮುಖ ಕಾಣುವಂಥ ನೆಲ, ನಡುವೆ ಕೆಂಪು ರಿಬ್ಬನ್ ಕಟ್ಟಿಕೊಂಡು ನಿಂತ ಕಾರು. ಕೀಲಿ ಕೊಡುವ ದಿನ ಅದೇನು ಚಪ್ಪಾಳೆ, ಅದೇನು ಫೋಟೊ! ಅದೇ ಕಾರು ನಡುರಸ್ತೆಯಲ್ಲಿ ಕೈಕೊಟ್ಟು, ಲಾರಿಯ ಬೆನ್ನೇರಿ ವಾಪಸ್ ಬಂದರೆ ಅದಕ್ಕೆ ಮುಂಬಾಗಿಲಿಲ್ಲ. ಪಕ್ಕದ ಓಣಿಯಲ್ಲಿ ಸುತ್ತಿಕೊಂಡು, ಹಿಂದಿನ ಗೇಟಿನಲ್ಲಿ ಒಳಗೆ ಬಂದು, ತಗಡಿನ ಚಾವಣಿಯ ಕೆಳಗೆ ನಿಲ್ಲಬೇಕು. ಇವತ್ತಿನ ಲೆಕ್ಕಕ್ಕೆ ಅಲ್ಲಿ ಹದಿನೆಂಟು ಕಾರುಗಳಿವೆ. ಆ ಹಿತ್ತಲು ಪೂರ್ತಿ ಇವರದೇ ಉಸ್ತುವಾರಿ. ಶೋರೂಮಿನವರಿಗೂ ಕಾರಿನವರಿಗೂ ಇವರು ಹಿತ್ತಲಕ್ಕ. ಹಾಜರಿ ಪುಸ್ತಕದಲ್ಲಿ ಮಾತ್ರ 'ಕ್ಲೀನಿಂಗ್' ಅಂತಷ್ಟೇ ಇದೆ.

ಬಕೆಟ್ಟು ಬಟ್ಟೆ ಹಿಡಿದು ಹಿತ್ತಲಕ್ಕ ಮೊದಲ ಸಾಲಿಗೆ ಬರುತ್ತಾರೆ. "ಇದು ಟೀಚರಮ್ಮಂದು. ಮುಂದಿನ ಟೀವಿ ಇದ್ದಕ್ಕಿದ್ದ ಹಾಗೆ ಕಪ್ಪಾಗಿಬಿಡುತ್ತೆ, ಎಷ್ಟು ಸ್ಪೀಡಲ್ಲಿದೀವಿ ಅಂತಾನೂ ಗೊತ್ತಾಗಲ್ಲ. ಇದು ಹಲ್ಲಿನ ಡಾಕ್ಟರ್ ದಂಪತೀದು. ಅರ್ಧ ಚಾರ್ಜ್ ಆದಮೇಲೆ ಹಟ ಮಾಡುತ್ತೆ, ಇನ್ನು ಒಂದು ತುತ್ತೂ ಬೇಡ ಅಂತ. ಈ ಹಸಿರುದು ಇದೆಯಲ್ಲ, ಇದು ಮಹಾ ಕಳ್ಳ. ಯಜಮಾನರ ಕೈಲಿದ್ದಾಗ ದಾರಿ ಮಧ್ಯೆ ನಿಂತುಬಿಡುತ್ತೆ, ಇಲ್ಲಿಗೆ ತಂದ್ರೆ ಏನೂ ಗೊತ್ತಿಲ್ಲದ ಹಾಗೆ ಓಡುತ್ತೆ. 'ದೋಷ ಕಂಡುಬಂದಿಲ್ಲ' ಅಂತ ಬರೆದು ಕಳಿಸ್ತಾರೆ. ಮೂರು ಸಲ ಹೋಗಿ ಮೂರು ಸಲ ಬಂದಿದೆ, ತವರುಮನೆ ಅನ್ನೋ ಹಾಗೆ."

ಒರೆಸುವುದು ಸಂಬಳದ ಕೆಲಸ. ಉಳಿದದ್ದನ್ನು ಅವರಿಗೆ ಯಾರೂ ಹೇಳಿಲ್ಲ. ಹದಿನೆಂಟು ಕಾರಿಗೆ ಎಪ್ಪತ್ತೆರಡು ಟೈರು. ಒಂದೇ ಭಂಗಿಯಲ್ಲಿ ನಿಂತರೆ ಟೈರಿನ ಅಡಿ ಚಪ್ಪಟೆಯಾಗುತ್ತದೆಂದು ವಾರಕ್ಕೊಮ್ಮೆ ವಾಚ್‌ಮನ್‌ನನ್ನು ಕಾಡಿಬೇಡಿ ಎಳೆತಂದು, ಒಂದೊಂದು ಕಾರನ್ನೂ ಅರ್ಧ ಗಾಲಿಯಷ್ಟು ಮುಂದಕ್ಕೆ ತಳ್ಳಿಸುತ್ತಾರೆ. ಇನ್ನು ಚಾರ್ಜರಿನ ವಿಷಯ. ಇಡೀ ಹಿತ್ತಲಿಗೆ ಇರುವುದು ಊಟದ ಡಬ್ಬಿಯಷ್ಟು ಗಾತ್ರದ ಒಂದೇ ಒಂದು ಚಿಕ್ಕ ಚಾರ್ಜರ್. ಕಾರಿಗೆ ಎರಡೂವರೆ ಗಂಟೆಯಂತೆ ದಿನಕ್ಕೆ ನಾಲ್ಕು ಕಾರಿಗೆ ಸರದಿ. "ಇದರಲ್ಲಿ ಎರಡು ಬ್ಯಾಟರಿ ಇರುತ್ತೆ ನೋಡಿ. ದೊಡ್ಡದು ಓಡಿಸೋಕೆ, ಚಿಕ್ಕದು ಎಬ್ಬಿಸೋಕೆ. ಈ ಚಾರ್ಜರ್ ಚಿಕ್ಕದಕ್ಕೆ. ಅದು ಸತ್ತುಹೋದ್ರೆ ದೊಡ್ಡದಕ್ಕೆ ಎಚ್ಚರಾನೇ ಆಗಲ್ಲ, ಬಾಗಿಲು ಕೂಡ ತೆಗೆಯಲ್ಲ."

ಇದನ್ನು ಅವರು ಪುಸ್ತಕ ಓದಿ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾರಿನ ಒಳಗೆ ಕೂತು, ಧೂಳು ಬರುತ್ತದೆಂದು ಬಾಗಿಲು ಹಾಕಿಕೊಂಡು ಒರೆಸುತ್ತಿದ್ದರು. ಚಿಕ್ಕ ಬ್ಯಾಟರಿ ಆಗಲೇ ಪ್ರಾಣಬಿಟ್ಟಿತು. ಬಾಗಿಲಿಲ್ಲ, ಕಿಟಕಿಯಿಲ್ಲ, ಹಾರನ್ನೂ ಇಲ್ಲ! ಕೈಯಿಂದ ಬಾಗಿಲು ತೆಗೆಯುವ ಹಿಡಿಯೊಂದು ಸೀಟಿನ ಪಕ್ಕದಲ್ಲೇ ಇದೆಯೆಂದು ಅವರಿಗೆ ಯಾರು ಹೇಳಿದ್ದರು? ನಲವತ್ತು ನಿಮಿಷ ಗಾಜು ಬಡಿದದ್ದೇ ಬಡಿದದ್ದು. ವಾಚ್‌ಮನ್ ದೂರದಿಂದ ನೋಡಿ, ಅಕ್ಕ ಇವತ್ತು ಬಹಳ ಉತ್ಸಾಹದಿಂದ ಗಾಜು ಒರೆಸುತ್ತಿದ್ದಾರೆ ಅಂದುಕೊಂಡು ಸುಮ್ಮನಿದ್ದ. ಕೊನೆಗೆ ಆ ಕಡೆ ಬಂದ ಮೆಕ್ಯಾನಿಕ್ ಬಾಗಿಲು ತೆಗೆದ. "ಹೊರಗೆ ಬಂದಮೇಲೆ ಅವನಿಗೆ ಸರಿಯಾಗಿ ಬೈದೆ. ಆಮೇಲೆ ಅನ್ನಿಸ್ತು, ಅಯ್ಯೋ ಪಾಪ, ಇವೂ ಹೀಗೇ ಅಲ್ವಾ, ಒಳಗೆ ಜೀವ ಇದೆ, ಕರೆದರೆ ಯಾರಿಗೂ ಕೇಳಿಸಲ್ಲ ಅಂತ." ಮಾರನೇ ದಿನವೇ ಆ ಚಾರ್ಜರನ್ನು ಸ್ಟೋರಿನಿಂದ ಕೇಳಿ ಪಡೆದರು.

ಮನೆಯಲ್ಲಿ ಇರುವುದು ಇಬ್ಬರೇ. ಗಂಡ ಲಿಫ್ಟ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಸಂಜೆ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಅವರ ಮೊದಲ ಪ್ರಶ್ನೆ, "ಹೇಗಿದಾರೆ ನಿನ್ನ ಪೇಷೆಂಟ್‌ಗಳು? ಯಾರಿಗಾದ್ರೂ ಡಿಸ್ಚಾರ್ಜ್ ಆಯ್ತಾ?" ತಮಾಷೆಗೆ ಕೇಳುವ ಮಾತಾದರೂ ಉತ್ತರ ಬರುವವರೆಗೆ ಅವರು ಪೇಪರಿನ ಪುಟ ತಿರುಗಿಸುವುದಿಲ್ಲ. ಹಿತ್ತಲಕ್ಕ ಮೊದಲು ಇದ್ದದ್ದು ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ. ಅದು ಮುಚ್ಚಿದ ಮೇಲೆ ನಾದಿನಿಯ ಪರಿಚಯದಿಂದ ಈ ಕೆಲಸ ಸಿಕ್ಕಿತು. "ಹಾಸಿಗೆ ಹೋಗಿ ಕಾರು ಬಂತು. ಮಿಕ್ಕಿದ್ದೆಲ್ಲ ಅದೇ. ಹೊರಗಡೆ ಬೆಂಚ್ ಮೇಲೆ ಕೂತು ಕಾಯೋರು ಮಾತ್ರ ಈಗ ಫೋನಲ್ಲಿ ಕಾಯ್ತಾರೆ."

ಫೋನಿನ ಈ ಪದ್ಧತಿ ಶುರುವಾದದ್ದು ಬಿಳಿ ಕಾರಿನ ಯಜಮಾನರಿಂದ. ಅವರು ನಿವೃತ್ತ ಲೈಬ್ರರಿಯನ್. ಹೆಂಡತಿ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ವೀಲ್‌ಚೇರಿನಲ್ಲಿದ್ದಾರೆ. ಆಕೆಗೊಬ್ಬಳು ಅಕ್ಕ, ಎಂಬತ್ತೊಂದು ವರ್ಷ, ಇರುವುದು ಎರಡು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ. ಆ ಅಕ್ಕನ ಕಣ್ಣು ದಿನೇದಿನೇ ಮಂಜಾಗುತ್ತಿದೆ. ಔಷಧಿಯಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದಾರೆ. 'ನಿನ್ನ ಮುಖ ಕಾಣೋವಾಗಲೇ ಒಂದು ಸಲ ಬಂದುಹೋಗೇ' ಎಂದು ಆ ಅಕ್ಕ ತಂಗಿಗೆ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಾರೆ. ಬಾಡಿಗೆ ಕಾರಿನಲ್ಲಿ ಹೊರಟು, ತಗ್ಗಿನ ಸೀಟಿನ ನೋವು ತಡೆಯಲಾಗದೆ ಅರ್ಧ ದಾರಿಗೇ ತಿರುಗಿದ್ದೂ ಆಗಿದೆ. ಎತ್ತರದ ಸೀಟು, ಅಗಲ ಬಾಗಿಲು, ವೀಲ್‌ಚೇರ್ ಹಿಡಿಸುವ ಡಿಕ್ಕಿ ಇದೆಯೆಂದೇ ಈ ಕಾರು ಕೊಂಡದ್ದು. ಹನ್ನೊಂದನೇ ದಿನ ಅಕ್ಕನ ಊರಿಗೆ ಹೊರಟರು. ಊರ ಹೊರಗಿನ ಸೇತುವೆಯ ನಟ್ಟನಡುವೆ ಕಾರು ನಿಂತಿತು. ಲಾರಿ ಬರಲು ಎರಡು ಗಂಟೆ. ಅಷ್ಟು ಹೊತ್ತೂ ಆಕೆ ಸೇತುವೆಯ ಮೇಲೆ, ಬಿಸಿಲಲ್ಲಿ, ವೀಲ್‌ಚೇರಿನಲ್ಲಿ.

ಆಮೇಲಿನದು ಹೊಸ ಕಾರು ಕೊಂಡು ಕೆಟ್ಟವರಿಗೆಲ್ಲ ಗೊತ್ತಿರುವ ಪುರಾಣ. ಫೋನ್ ಮಾಡಿದರೆ ಸಂಗೀತ. ಸಂಗೀತ ಮುಗಿದರೆ 'ನಿಮ್ಮ ಕರೆ ನಮಗೆ ಅಮೂಲ್ಯ'. ಯಾರಾದರೂ ಎತ್ತಿದರೆ 'ಈ ವಾರ ಪಾರ್ಟ್ ಬರುತ್ತೆ' ಎಂದು ಮೂಗಿಗೆ ತುಪ್ಪ. ಲೈಬ್ರರಿಯನ್ ಪ್ರತಿ ಕರೆಯನ್ನೂ ತಾರೀಖು ಹಾಕಿ ಬರೆದಿಟ್ಟರು. ಕಾರು ಹಿತ್ತಲು ಸೇರಿದ ನಲವತ್ತನೇ ದಿನ ತಾವೇ ಬಂದು, ಕೇಳುವವರಿಲ್ಲದೆ ಅಲ್ಲಿ ಇಲ್ಲಿ ಸುತ್ತಿ, ಹಿತ್ತಲಿಗೆ ಬಂದುಬಿಟ್ಟರು. ತಮ್ಮ ಕಾರಿನ ಕನ್ನಡಿಯನ್ನು ಯಾರೋ ಹೆಂಗಸು ಸೆರಗಿನ ತುದಿಯಿಂದ ಉಜ್ಜುತ್ತಿರುವುದು ಕಂಡಿತು. "ಅವರು ಬಂದಿದ್ದು ಜಗಳಕ್ಕೆ. 'ನೀವು ದಿನಾ ಒರೆಸ್ತೀರಾಮ್ಮ?' ಅಂದ್ರು. ಹೂಂ ಸಾರ್ ಅಂದೆ. ಕಣ್ಣಲ್ಲಿ ನೀರು ಹಾಕ್ಕೊಂಡ್ರು. ನನಗೆ ಏನು ಮಾಡಬೇಕೋ ತೋಚಲಿಲ್ಲ, ನಂಬರ್ ಕೊಟ್ಟೆ." ಅಂದಿನಿಂದ ಬೆಳಿಗ್ಗೆ ಏಳಕ್ಕೆ ಅವರ ಕರೆ. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಮಿಕ್ಕ ಕಾರಿನವರೂ ಅದೇ ನಂಬರಿಗೆ ಜೋತುಬಿದ್ದರು.

ಎಂಬತ್ತೆಂಟನೇ ದಿನ ಪಾರ್ಟ್ ಬಂತು. ಪೆಟ್ಟಿಗೆಯ ಮೇಲೆ ಬಿಳಿ ಕಾರಿನ ನಂಬರೇ ಇತ್ತು. ಆದರೆ ಮುಂದಿನ ಕೋಣೆಯಲ್ಲಿ ಮೇಜು ಕುಟ್ಟಿ ಕೂಗಾಡುತ್ತಿದ್ದ ಇನ್ನೊಬ್ಬರ ಕಾರಿಗೆ ಮಧ್ಯಾಹ್ನದೊಳಗೆ ಅದನ್ನು ಹಾಕಿ ಕಳಿಸಿದರು. ಬಾಯಿದ್ದವರಿಗೆ ಮೊದಲು, ಇನ್ನೇನು! ಹಿತ್ತಲಕ್ಕ ಬಟ್ಟೆ ಹಿಂಡುತ್ತಾ ಎಲ್ಲವನ್ನೂ ನೋಡಿದರು. ಮರುದಿನ ಏಳಕ್ಕೆ ಫೋನು. "ಪಾರ್ಟ್ ಬಂತಾಮ್ಮ?"

"ನರ್ಸಿಂಗ್ ಹೋಮಲ್ಲಿ ನಮಗೆ ಹೇಳಿಕೊಟ್ಟಿದ್ದು ಒಂದೇ ಮಾತು. ಏನು ಕೇಳಿದ್ರೂ 'ಡಾಕ್ಟರ್ ಹೇಳ್ತಾರೆ' ಅನ್ನೋದು. ಒಂದು ಸಲ ಒಬ್ಬ ಮಗಳು ಬಂದು, 'ಅಮ್ಮ ಹೇಗಿದಾರೆ' ಅಂದಳು. ಅಮ್ಮ ಹೋಗಿ ಒಂದು ಗಂಟೆ ಆಗಿತ್ತು. ನನಗೆ ಗೊತ್ತಿತ್ತು. ಡಾಕ್ಟರ್ ಹೇಳ್ತಾರೆ ಅಂದೆ. ಅವಳು ಫ್ಲಾಸ್ಕು ಹಿಡ್ಕೊಂಡು ಬೆಂಚ್ ಮೇಲೆ ಕೂತೇ ಇದ್ದಳು. ಆ ಫ್ಲಾಸ್ಕು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ." ಬಟ್ಟೆಯನ್ನು ಬಕೆಟ್ಟಿಗೆ ಅದ್ದುತ್ತಾರೆ. "ಹೇಳಿಬಿಟ್ಟೆ. ಬಂದಿತ್ತು ಸಾರ್, ಬೇರೆಯವರಿಗೆ ಹಾಕಿದ್ರು ಅಂತ."

ಲೈಬ್ರರಿಯನ್ ಕೂಗಾಡಲಿಲ್ಲ. ಹೆಂಡತಿಯನ್ನು ಕರೆತಂದು, ರಿಬ್ಬನ್ ಕಟ್ಟಿದ ಕಾರಿನ ಪಕ್ಕದ ಸೋಫಾದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತರು. ಕಾರು ನೋಡಲು ಬಂದವರನ್ನೆಲ್ಲ ಆಕೆ ವೀಲ್‌ಚೇರಿನಿಂದಲೇ ನಗುನಗುತ್ತಾ ಮಾತಾಡಿಸಿದರು. "ತುಂಬ ಒಳ್ಳೆ ಕಾರು, ನಮ್ಮದೂ ಇದೇನೇ. ಹನ್ನೊಂದು ದಿನ ಓಡಿಸಿದ್ವಿ." ಮಧ್ಯಾಹ್ನದೊಳಗೆ ಮೂರು ಸಂಸಾರ ಯೋಚಿಸಿ ಹೇಳ್ತೀವಿ ಎಂದು ಎದ್ದುಹೋದವು. ಮೂರು ತಿಂಗಳು ಸಿಗದ ಪಾರ್ಟು ಆರು ದಿನದಲ್ಲಿ ಬರುತ್ತದೆಂದು ಸಂಜೆಗೆ ಗೊತ್ತಾಯಿತು.

ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿ ಕೇಳಿದರು, ಒಳಗಿನ ವಿಷಯ ಹೊರಗೆ ಹಾಕಿದ್ದು ಯಾರು? "ಎಲ್ಲರೂ ನೆಲ ನೋಡ್ತಿದ್ರು. ನಾನೇ ಸಾರ್ ಅಂದೆ." ಕೆಲಸ ಹೋಗಲಿಲ್ಲ. ಒಂದು ಚಾರ್ಜರ್ ಹಿಡಿದು ಹಿತ್ತಲೆಲ್ಲ ಸುತ್ತಲು ಬೇರೆ ಯಾರೂ ಸಿದ್ಧರಿರಲಿಲ್ಲ. ಬದಲಿಗೆ ತಗಡಿನ ಡಬ್ಬ ಬಂತು. ಕಾರಿನವರೇನು ಕಡಿಮೆಯೇ? ಏಳರ ಕರೆಯನ್ನು ಐದೂವರೆಗೆ ತಂದುಕೊಂಡರು. ಮ್ಯಾನೇಜರ್ ಮೇಲೆ ಹಿತ್ತಲಕ್ಕನಿಗೆ ಸಿಟ್ಟಿಲ್ಲ. "ಅವರೂ ಮೇಲಿನವರಿಗೆ ಫೋನ್ ಮಾಡಿ ಅದೇ ಸಂಗೀತ ಕೇಳ್ತಾ ಕೂತಿರ್ತಾರೆ. ಗಾಜಿನಲ್ಲಿ ಕಾಣುತ್ತಲ್ಲ."

ತೊಂಬತ್ತೇಳನೇ ದಿನ ಬಿಳಿ ಕಾರು ಗೇಟು ದಾಟಿತು. ಅದಾಗಿ ಇಂದಿಗೆ ಇಪ್ಪತ್ತೆರಡು ದಿನ, ಆ ನಂಬರಿನಿಂದ ಒಂದು ಕರೆಯಿಲ್ಲ. ಹುಷಾರಾಗಿ ಹೋದವರು ಆಸ್ಪತ್ರೆಗೆ ಫೋನ್ ಮಾಡುವುದಿಲ್ಲ, ಮಾಡಲೂಬಾರದು ಎನ್ನುವುದು ಅವರಿಗೆ ಗೊತ್ತು. ಆದರೂ ದಿನಾ ಬೆಳಿಗ್ಗೆ ಕಣ್ಣು ಫೋನಿನ ಮೇಲೆ. "ನಾನೇ ಮಾಡಬಹುದು. ಆದ್ರೆ ಮತ್ತೆ ನಿಂತುಹೋಗಿದ್ರೆ? ಆ ಅಕ್ಕನ ಕಣ್ಣು ಅಷ್ಟರಲ್ಲಿ... ಕೇಳೋ ಧೈರ್ಯ ನನಗಿಲ್ಲ." ನಿಮಗೇನು ಆಸೆ ಎಂದರೆ ನಾಚಿಕೊಳ್ಳುತ್ತಾರೆ. "ಇಷ್ಟು ಕಾರಲ್ಲಿ ಕೂತಿದೀನಿ, ಒಂದರಲ್ಲೂ ಗೇಟು ದಾಟಿಲ್ಲ. ಅದು ಹೋಗ್ಲಿ ಬಿಡಿ. ಕೆಟ್ಟಿದೆ ಅಂತ ಎಲ್ಲರೂ ಫೋನ್ ಮಾಡ್ತಾರೆ. ಓಡ್ತಿದೆ ಅಂತ ಒಬ್ಬರು, ಒಂದೇ ಒಂದು ಸಲ, ದಾರಿಯಿಂದ ಮಾಡಬೇಕು."

ಮರುದಿನ ಬೆಳಿಗ್ಗೆ, ಗೇಟು ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗ ಫೋನು ರಿಂಗಾಗುತ್ತದೆ. ಪರದೆಯ ಮೇಲೆ 'ಬಿಳಿ ಕಾರು ಸಾರ್' ಎಂದು ಕಾಣುತ್ತಿದ್ದಂತೆ ಹಿತ್ತಲಕ್ಕನ ಮುಖ ಬಿಳಿಚಿಕೊಳ್ಳುತ್ತದೆ. ಅವಸರದಲ್ಲಿ ಬೆರಳು ತಗುಲಿ ಸ್ಪೀಕರು ಆನ್ ಆಗುತ್ತದೆ. ಮಾತಾಡುವುದು ಲೈಬ್ರರಿಯನ್‌ನ ಹೆಂಡತಿ.

"ಹಿತ್ತಲಕ್ಕ, ಒಂದು ನಿಮಿಷ ಮಾತಾಡಬೇಡಿ. ಫೋನನ್ನ ಕಾಲ ಹತ್ತಿರ ಹಿಡೀತೀನಿ. ಕೇಳಿಸ್ತಾ?"

ಹಿತ್ತಲಕ್ಕ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. "ಏನೂ ಕೇಳಿಸ್ತಿಲ್ಲಮ್ಮ."

"ಅದೇ ರೀ! ಸದ್ದೇ ಇಲ್ದೆ ಓಡ್ತಾ ಇದೆ! ಸೇತುವೆ ಮೇಲಿದೀವಿ. ಇಷ್ಟು ದಿನ ಇವರು ಊರೊಳಗೇ ಸುತ್ತಿಸ್ತಿದ್ರು, ಈ ಕಡೆ ಬರೋಕೆ ಧೈರ್ಯಾನೇ ಬರ್ಲಿಲ್ಲ. ದಾಟಿದ್ವಿ... ದಾಟಿದ್ವಿ ನೋಡಿ! ನಮ್ಮಕ್ಕ ಆಗಲೇ ಎದ್ದು ಬಾಗಿಲಲ್ಲಿ ಕೂತಿದಾಳಂತೆ. ಬಣ್ಣ ಇನ್ನೂ ಕಾಣುತ್ತೆ, ಕೆಂಪು ಸೀರೆ ಉಟ್ಕೊಂಡು ಬಾ ಅಂದಿದಾಳೆ."

ಹಿತ್ತಲಕ್ಕ ಸ್ಪೀಕರು ಆರಿಸಿ, ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, ಗೇಟಿನ ಬಳಿ ಬಂದು ನಿಲ್ಲುತ್ತಾರೆ. ಆರು ಹೊಡೆದಿದೆ. ವಾಚ್‌ಮನ್ ಡಬ್ಬ ಮುಂದೆ ಹಿಡಿದವನು ಅವರ ಮುಖ ನೋಡಿ ಗಾಬರಿಯಾಗಿ, "ಏನಾಯ್ತಕ್ಕ?" ಅನ್ನುತ್ತಾನೆ.

"ಸ್ವಲ್ಪ ತಡಿಯಪ್ಪ," ಅನ್ನುತ್ತಾರೆ ಹಿತ್ತಲಕ್ಕ. "ನಾನೂ ಅವರ ಜೊತೆ ಹೋಗ್ತಾ ಇದೀನಿ."